ಟಾರ್ಚ್ ಹಿಡಿಯುವ ಕೆಲಸ

ಪಾರ್ಸೆಲ್ ಕಚೇರಿಯ ಸಾಲಿನಲ್ಲಿ, ಪುಟ್ಟ ಪಾರ್ಸೆಲೊಂದನ್ನು ಕಳಿಸಲು ಬಂದಿದ್ದ ಹುಡುಗಿಯೊಬ್ಬಳ ಮುಂದೆ ನಿಂತಿದ್ದ ಗಂಡ ಹೆಂಡತಿ ಹೊಸ ದೂರದರ್ಶಕ ಬಿಡಿಸಿಕೊಳ್ಳಲು ಬಂದಿದ್ದರು. ಗಂಡನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಒಳಗೇ ಕಂಪ್ಯೂಟರ್ ಇದೆ ಕಣೇ. ಗುಂಡಿ ಒತ್ತಿದ್ರೆ ತಾನೇ ಆಕಾಶ ನೋಡಿ ದಿಕ್ಕು ಹೊಂದಿಸ್ಕೊಳ್ಳುತ್ತೆ.”

“ಹಳೇದಕ್ಕೆ ನಾನಿದ್ದೆ. ಇದಕ್ಕೆ ಟಾರ್ಚ್ ಯಾರು ಹಿಡೀಬೇಕು? ತಿರುಪು ಯಾರು ತಿರುಗಿಸ್ಬೇಕು?”

“ಯಾರೂ ಬೇಡ. ಇನ್ಮೇಲೆ ನೀನು ಚಳೀಲಿ ಮಹಡಿ ಹತ್ತೋದೇ ಬೇಡ. ಹಾಯಾಗಿ ಮಲ್ಕೋ.”

“ನೀವು ನನ್ನ ಜೊತೆ ಮಾತಾಡ್ತಿದ್ದದ್ದು ಅಲ್ಲಿ ಮಾತ್ರ.”

“ಏನ್ ಮಹಾ ಮಾತು? ಎಡಕ್ಕೆ ತಿರುಗ್ಸು, ಬಲಕ್ಕೆ ತಿರುಗ್ಸು, ಕೈ ಅಲ್ಲಾಡಿಸ್ಬೇಡ ಅಂತಿದ್ದೆ.”

“ನಾನು ಅದನ್ನೇ ಮಾತು ಅಂದ್ಕೊಂಡಿದ್ದೆ.”

“ಶುರು ಮಾಡಿದ್ಯಾ? ನಿನ್ನ ಒಳ್ಳೇದಕ್ಕೇ ಅಲ್ವೇನೇ ತರಿಸಿದ್ದು?”

ಅಷ್ಟರಲ್ಲಿ ಗುಮಾಸ್ತ ಉದ್ದನೆಯ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟ.

“ಭಾರ ಇದೆ, ಆ ಕಡೆ ಹಿಡ್ಕೋ,” ಎಂದು ಗಂಡ ತಿರುಗಿದ. ಅವಳು ಆಗಲೇ ಬಾಗಿಲು ದಾಟಿದ್ದಳು. ಅವನು ಹುಡುಗಿಯ ಮುಖ ನೋಡಿದ. ಹುಡುಗಿ ತನ್ನ ಪುಟ್ಟ ಪಾರ್ಸೆಲನ್ನೇ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.