ಎದೆಯ ಸದ್ದು ತಗ್ಗಿದ್ದಕ್ಕೆ ಸಿಹಿ ಹಂಚಿದವನು

ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಹಳೇ ಕಾಲದವನಲ್ಲ, ನಮ್ಮ ಕಾಲದವನೇ. ಹೃದಯದ ಕವಾಟ ಕೆಟ್ಟಿತ್ತು. ವೈದ್ಯರು ಅದನ್ನು ತೆಗೆದು ಲೋಹದ ಕವಾಟ ಕೂರಿಸಿದರು. ಜೀವ ಉಳಿಯಿತು. ಆದರೆ ಅಂದಿನಿಂದ ಅವನ ಎದೆ ಟಿಕ್, ಟಿಕ್ ಎಂದು ಪಕ್ಕದವರಿಗೂ ಕೇಳುವಂತೆ ಸದ್ದು ಮಾಡತೊಡಗಿತು.

ನಾವೀಗ ಕೂತಿರುವಂಥದ್ದೇ ಒಂದು ಸತ್ಸಂಗಕ್ಕೆ ಅವನು ಹೋಗುತ್ತಿದ್ದ. ಎಲ್ಲರೂ ಧ್ಯಾನಕ್ಕೆ ಕೂತರೆ ಟಿಕ್, ಟಿಕ್! ನೋಡಿ, ದೇವರಿಗಾಗಿ ಮುಚ್ಚಿದ ಕಣ್ಣು ಪಕ್ಕದವನ ಮೇಲೆ ಸಿಡುಕಲು ಎಷ್ಟು ಬೇಗ ತೆರೆಯುತ್ತದೆ! "ಸಾಹುಕಾರ್ರೇ, ನೀವು ಹೊರಗಡೆ ಜಗಲಿ ಮೇಲೆ ಕೂತ್ರೆ ಒಳ್ಳೇದು," ಅಂದರು ಹಿರಿಯರೊಬ್ಬರು. ಕೂತ. ಚಪ್ಪಲಿಗಳ ಪಕ್ಕ, ಒಬ್ಬನೇ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. "ಊಟ ಆಯ್ತಾ?" ಎಂದು ಕೇಳುವವರೂ ಇಲ್ಲದ ಮನೆಯಲ್ಲಿ ಆ ಸದ್ದೊಂದೇ ಜೊತೆಗಿತ್ತು. ಅದನ್ನು ಅವನು ದ್ವೇಷಿಸಿದ.

ಕಡೆಗೆ ಹರಕೆ ಹೊತ್ತ: ಸದ್ದು ತಗ್ಗಲಿ, ನಲವತ್ತೆಂಟು ದಿನ ತೀರ್ಥವಲ್ಲದೆ ಬೇರೆ ಔಷಧ ಮುಟ್ಟುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ನುಂಗಬೇಕಿದ್ದ ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ಇಪ್ಪತ್ತನೆಯ ದಿನ ಸದ್ದು ನಿಜಕ್ಕೂ ತಗ್ಗಿತು! ಕುಣಿದಾಡಿದ. ಸತ್ಸಂಗದಲ್ಲಿ ಸಿಹಿ ಹಂಚಿದ. "ದೇವರು ದೊಡ್ಡೋನು!" ಎಂದು ಎಲ್ಲರೂ ಅವನನ್ನು ಒಳಗೆ ಕರೆದು ಮುಂದಿನ ಸಾಲಿನಲ್ಲೇ ಕೂರಿಸಿದರು. ನಾಲ್ಕು ಮೆಟ್ಟಿಲಿಗೇ ಏದುಸಿರು ಯಾಕೆ ಎಂದು ಯಾರಾದರೂ ಕೇಳಿದರೇ? ಇಲ್ಲ. ಸಿಹಿ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅವನ ಗಡ್ಡ ಹೆರೆಯಲು ಮನೆಗೆ ಬಂದ ಕ್ಷೌರಿಕ ನಡುವೆಯೇ ಕತ್ತಿ ಕೆಳಗಿಟ್ಟ.

"ಸಾಹುಕಾರ್ರೇ, ಟಿಕ್ ಟಿಕ್ ಎಲ್ಲೋಯ್ತು?"

"ದೇವರು ತಗ್ಗಿಸಿದ ಕಣೋ. ತೊಲಗ್ತು ಪೀಡೆ."

"ಮೂರು ವರ್ಷದಿಂದ ಆ ಸದ್ದು ಕೇಳ್ಕೊಂಡೇ ನಿಮ್ಮ ಗಡ್ಡ ಹೆರೆದಿದೀನಿ. ಇವತ್ತು ಮೆತ್ತಗಾಗಿದೆ. ನಂಗ್ಯಾಕೋ ಭಯ ಆಗ್ತಿದೆ. ಏಳಿ, ಆಸ್ಪತ್ರೆಗೆ ಹೋಗೋಣ."

ಅರ್ಧ ಗಡ್ಡದಲ್ಲೇ ಆಟೋ ಹತ್ತಿಸಿದ. ವೈದ್ಯರು ಎದೆಗೆ ಸ್ಟೆತೊಸ್ಕೋಪ್ ಇಟ್ಟವರೇ ಗಾಬರಿಯಾದರು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದು ತೆರೆದು ಮುಚ್ಚಲಾಗದೆ ಸಿಕ್ಕಿಕೊಂಡಿತ್ತು.

"ಲೋಹದ ಕವಾಟ ಸದ್ದು ಮಾಡ್ಲೇಬೇಕು ಸ್ವಾಮಿ. ಮಂಕಾದ್ರೇನೇ ಅಪಾಯ. ನಾಳೆ ಬಂದಿದ್ರೆ ನೀವು ಉಳೀತಿರ್ಲಿಲ್ಲ."

ಚಿಕಿತ್ಸೆಯಾಯಿತು, ಉಳಿದ. ಉಳಿದು ಅತ್ತ. ಮೂರು ವರ್ಷದಿಂದ ತನ್ನ ಎದೆಗೆ ಒಬ್ಬ ಕಿವಿಗೊಟ್ಟಿದ್ದ, ತನಗದು ಗೊತ್ತೇ ಇರಲಿಲ್ಲ ಎಂದು ಅತ್ತ.

ಈ ಕಥೆಯಲ್ಲಿ ನಾವು ಯಾರು? ಕ್ಷೌರಿಕರೇ? ಎಲ್ಲಿ ಬಂತು! ನಾವು ಸಿಹಿ ತಿಂದವರು. ಹರಕೆಯ ಹೆಸರಲ್ಲಿ ಮಾತ್ರೆ ಬಿಡಬೇಡಿ, ದೇವರು ಅದನ್ನು ಕೇಳಿಲ್ಲ. ಇನ್ನೊಂದು ಮಾತು. ದಿನವೂ ಗೊಣಗುತ್ತಿದ್ದ ಅತ್ತೆ ಈ ವಾರ ಗೊಣಗಿಲ್ಲವೇ? ಫೋನ್ ಮಾಡಿ ತಲೆ ತಿನ್ನುತ್ತಿದ್ದ ಅಣ್ಣ ಮಾಡಿಲ್ಲವೇ? ಸದ್ಯ, ನೆಮ್ಮದಿ ಅಂದುಕೊಂಡಿರಾ? ಇವತ್ತೇ ಹೋಗಿ, ಅವರ ಪಕ್ಕ ಕೂತು, "ಯಾಕೆ, ಏನಾಯ್ತು?" ಎಂದು ಕೇಳಿ. "ಏನಿಲ್ಲ" ಅಂದರೆ ಏಳಬೇಡಿ, ಇನ್ನೊಮ್ಮೆ ಕೇಳಿ.