ಕಿತ್ತ ಅರ್ಥಿಂಗ್ ತಂತಿ

ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ-ತಮ್ಮ ಕೂತಿದ್ದರು. ಅವನ ಬೆರಳುಗಳ ತುಂಬ ಬೆಸುಗೆ ಹಾಕುವಾಗ ಸುಟ್ಟ ಕಲೆಗಳು.

“ಅಮ್ಮ ಮೇಜು ಒರೆಸ್ತಿದ್ಲು, ಅಷ್ಟೇ. ನಿನ್ನ ಪೆಟ್ಟಿಗೆ ಮುಟ್ಟಿದ್ರೆ ಶಾಕ್ ಯಾಕೋ ಹೊಡೀಬೇಕು?”

“ಅದು ಆಸಿಲೋಸ್ಕೋಪ್ ಅಕ್ಕ. ಕರೆಂಟಿನ ಅಲೆ ನೋಡೋಕೆ ನಾನೇ ಕಟ್ಟಿದ್ದು.”

“ನಾನು ಹೆಸರು ಕೇಳ್ಲಿಲ್ಲ.”

“ಗೋಡೆ ಪ್ಲಗ್ಗಿನ ಕರೆಂಟು ಅಳೆಯೋಕೆ ಹೋದಾಗೆಲ್ಲ ಫ್ಯೂಸ್ ಹೋಗ್ತಿತ್ತು. ಅದಕ್ಕೆ ಪೆಟ್ಟಿಗೆಯಿಂದ ನೆಲಕ್ಕೆ ಹೋಗೋ ಅರ್ಥಿಂಗ್ ತಂತಿ ಕಿತ್ತುಬಿಟ್ಟೆ. ಫ್ಯೂಸ್ ಉಳೀತು, ಆದ್ರೆ ಕರೆಂಟು ಪೆಟ್ಟಿಗೆ ಮೈಗೇ ಬಂತು. ಇವತ್ತು ಆಫ್ ಮಾಡೋದು ಮರೆತೆ.”

“ಮನೆಗೆ ಹೋದ ತಕ್ಷಣ ಬಿಚ್ಚಿ ಬಿಸಾಕು.”

“ಅದೊಂದೇ ಆಗಿದ್ರೆ ಬಿಸಾಕ್ತಿದ್ದೆ.”

“ಅಂದ್ರೆ?”

“ಇದನ್ನ ಕಟ್ಟೋ ನಕ್ಷೆ ನೆಟ್‌ನಲ್ಲಿ ಹಾಕಿದೀನಿ. ಯಾರು ಬೇಕಾದ್ರೂ ನೋಡ್ಕೊಂಡು ಕಟ್ಬಹುದು. ಸುಮಾರು ಜನ ಕಟ್ಟಿ ಫೋಟೊ ಕಳ್ಸಿದಾರೆ.”

“ತಂತಿ ಕೀಳೋದನ್ನೂ ಹೇಳ್ಕೊಟ್ಟಿದೀಯಾ?”

“ಎಲ್ರೂ ಹೊಗಳಿದ್ದೇ ಅದನ್ನ.”

“ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ! ಈಗ್ಲೇ ತೆಗಿ ಅದನ್ನ.”

“ತೆಗೆದ್ರೆ ಆಗ್ಲೇ ಕಟ್ಟಿರೋರಿಗೆ ಗೊತ್ತಾಗಲ್ಲ. ತಪ್ಪು ಮಾಡ್ದೆ ಅಂತ ಬರೀಬೇಕು. ಎಲ್ರೂ ಉಗೀತಾರೆ. ಅಮ್ಮ ಹುಷಾರಾಗ್ಲಿ, ಆಮೇಲೆ ನೋಡೋಣ.”

ನರ್ಸ್ ಬಾಗಿಲು ತೆರೆದರು. “ಅವರಿಗೆ ಎಚ್ಚರ ಆಗಿದೆ. ಮಗನ್ನ ಕೇಳ್ತಿದಾರೆ.”

ಅವನು ದಡಬಡಿಸಿ ಎದ್ದ. ಅಕ್ಕ ತೋಳು ಹಿಡಿದು ಕೂರಿಸಿದಳು.

“ಅವ್ರ ಮನೇಲೂ ಮೇಜು ಒರೆಸೋರು ಇರ್ತಾರೆ ಕಣೋ. ಮೊದ್ಲು ಬರಿ. ಆಮೇಲೆ ಬಾ.”

ಅವಳು ಒಳಗೆ ಹೋದಳು. ಅವನು ಫೋನು ತೆಗೆದು ಬರೆಯತೊಡಗಿದ. ಬಾಗಿಲಾಚೆಯಿಂದ ತಾಯಿ ಮಗನನ್ನು ಕರೆಯುವುದು ಕೇಳುತ್ತಲೇ ಇತ್ತು. ಬರೆದು ಮುಗಿಸಿದವನೇ ಒಳಗೆ ಓಡಿದ.