ಕೆಂಪು ಚೀಟಿಯ ಕೆಳಗಿನ ಸಹಿ

ಇದು ನಮ್ಮ ಪಕ್ಕದ ಮನೆಯ ಓರೆಲ್ ಗೋಡೆಟ್‌ಗೆ ಆದದ್ದು. ಅವನು ಹೇಳಿದ ಹಾಗೇ ಹೇಳುತ್ತೇನೆ.

ರಾತ್ರಿ ಹತ್ತು ದಾಟಿತ್ತು. ನಮ್ಮ ಮ್ಯಾಸಚೂಸೆಟ್ಸ್ ಊರಿನ ಹಳೆಯ ಉಣ್ಣೆ ಗಿರಣಿಯಿಂದ ಓರೆಲ್ ಕೆರೆಯ ಪಕ್ಕದ ದಾರಿಯಲ್ಲಿ ಒಬ್ಬನೇ ಮನೆಗೆ ಹೊರಟಿದ್ದ. ಹಿಮದ ಮೇಲೆ ಬೂಟಿನ ಕರಕರ ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟರಲ್ಲಿ ಗಿರಣಿಯ ಕಿಟಕಿಯಿಂದ... ಟಕ್.

ನಿಂತ. ಮತ್ತೆ... ಟಕ್.

ಅಲ್ಲಿ ಅವನು ರಿಪೇರಿ ಮಾಡುತ್ತಿದ್ದ ಹಳೆಯ ಕಂಪ್ಯೂಟರಿಗೆ ಕರೆಂಟು ಬಿಡುವ ಸ್ವಿಚ್ಚು, ರಿಲೇ, ಕಚ್ಚಿಕೊಳ್ಳುವ ಸದ್ದು ಅದು. ಆದರೆ ಪ್ಲಗ್ಗನ್ನು ಅವನೇ ಕಿತ್ತು ಬಂದಿದ್ದ. ರಿಲೇಯಂತೂ ಬಿಚ್ಚಿ ಮೇಜಿನ ಮೇಲಿತ್ತು.

ಬೀರುವಿನಷ್ಟು ಎತ್ತರವಿದ್ದರೂ ಆಗಿನವರು 'ಮಿನಿ' ಎನ್ನುತ್ತಿದ್ದ ಆ ಕಂಪ್ಯೂಟರ್ ತಯಾರಾದದ್ದು ಅದೇ ಗಿರಣಿಯಲ್ಲಿ, ಉಣ್ಣೆ ಕೆಲಸ ನಿಂತು ಅಲ್ಲೊಂದು ಕಂಪ್ಯೂಟರ್ ಕಂಪನಿಯಿದ್ದ ಕಾಲದಲ್ಲಿ. 1973ರಲ್ಲಿ ಅದನ್ನು ಪರೀಕ್ಷಿಸುವಾಗ ಕರೆಂಟು ಹೊಡೆದು ಓರೆಲನ ತಮ್ಮ ಲೂಸಿಯನ್ ಸತ್ತ. ಅಲ್ಲೊಂದು ಕಟ್ಟಳೆಯಿತ್ತು. ವೈರುಗಳಿಗೆ ಕೈ ಹಾಕುವವನು ಪ್ಲಗ್ಗು ಕಿತ್ತು, ಅದಕ್ಕೆ ತನ್ನ ಹೆಸರಿನ ಕೆಂಪು ಚೀಟಿ ಕಟ್ಟಬೇಕು. ಕಟ್ಟಿದವನೇ ಬಿಚ್ಚಬೇಕು, ಬೇರೆಯವನು ಬಿಚ್ಚಿದರೆ ಕೆಳಗೆ ಸಹಿ ಹಾಕಬೇಕು. ಲೂಸಿಯನ್ ಚೀಟಿಯನ್ನೇ ಕಟ್ಟಿರಲಿಲ್ಲ ಎಂದು ಜೊತೆಗೆ ಕೆಲಸ ಮಾಡುತ್ತಿದ್ದ ಡಡ್ಲಿ ಹೇಳಿದ. ಓರೆಲ್ ನಂಬಿದ. ತಪ್ಪು ತಮ್ಮನದೇ ಎಂದು ಅಮ್ಮನಿಗೂ ತಾನೇ ಹೇಳಿದ. ಅವಳು ಅದನ್ನೇ ನಂಬಿಕೊಂಡು ತೀರಿಹೋದಳು.

ಈಗ ಯಂತ್ರ ಯಾವುದೋ ಉಗ್ರಾಣದಿಂದ ವಾಪಸು ಬಂದಿತ್ತು. ಓರೆಲ್, ಡಡ್ಲಿ, ಮುದುಕರಿಬ್ಬರೂ ಸೇರಿ ಅದರ ಕರೆಂಟಿನ ವೈರುಗಳನ್ನು ಸರಿಮಾಡುತ್ತಿದ್ದರು. ಪವರ್ ಪೆಟ್ಟಿಗೆ ಮಾತ್ರ ತನ್ನದು ಎಂದು ಡಡ್ಲಿಯ ಹಟ. "ನಿನ್ನ ಕೈ ನಡುಗುತ್ತೆ ಮುದುಕಪ್ಪ. ನೀನು ದೀಪ ಒರೆಸ್ಕೊಂಡಿರು," ಎನ್ನುತ್ತಿದ್ದ. ಆ ದಿನ ಮಂಡಿನೋವೆಂದು ಅವನು ಬಂದಿರಲಿಲ್ಲ.

ಓರೆಲ್ ಹಿಂದಿರುಗಿ ಮೆಟ್ಟಿಲು ಹತ್ತಿದ. ಪ್ಲಗ್ಗು ನೆಲದ ಮೇಲೇ ಇತ್ತು. ರಿಲೇ ಮೇಜಿನ ಮೇಲೇ ಇತ್ತು. ಆದರೂ ಪವರ್ ಪೆಟ್ಟಿಗೆಯೊಳಗಿಂದ... ಟಕ್... ಟಕ್...

"ಲೂಸಿಯನ್?" ಪಿಸುಗುಟ್ಟಿದ.

ಸದ್ದು ನಿಂತಿತು.

ಪೆಟ್ಟಿಗೆಯೊಳಕ್ಕೆ ಟಾರ್ಚು ಹಾಯಿಸಿ ನೋಡಿದ. ಟ್ರಾನ್ಸ್‌ಫಾರ್ಮರಿನ ಹಿಂದೆ ಕಾಗದದ ಅಂಚು ಕಾಣಿಸಿತು. ಬೆರಳು ತೂರಿಸಿ ಎಳೆದ. ಕೆಂಪು ಚೀಟಿ... ಲೂಸಿಯನ್‌ನ ಹೆಸರು, ಅವನದೇ ಕೈಬರಹ. ಕೆಳಗೆ, ಬಿಚ್ಚಿದವನ ಸಹಿ... ಡಡ್ಲಿಯದು.

ನೇರ ಡಡ್ಲಿಯ ಮನೆಗೆ ನಡೆದ. ಬೀದಿಯಲ್ಲೆಲ್ಲ ದೀಪವಿತ್ತು, ಆ ಮನೆಯಲ್ಲಿ ಮಾತ್ರ ಕತ್ತಲೆ. ಬಾಗಿಲು ತಟ್ಟುವ ಮೊದಲೇ ತೆರೆಯಿತು. ಡಡ್ಲಿಯ ಕೈಯಲ್ಲಿ ಮೇಣದಬತ್ತಿ.

"ಸಿಕ್ಕಿತಾ?" ಅಂದ, ಮೆಲ್ಲಗೆ.

"ನಿಂಗ್ಯಾರು ಹೇಳಿದ್ರು?"

"ಲೂಸಿಯನ್... ಈಗ ತಾನೇ ಬಂದು ಹೋದ."

ಆಮೇಲೆ ತಾನಾಗಿಯೇ ಎಲ್ಲ ಹೇಳಿದ. ಲೂಸಿಯನ್ ಕೆಲಸ ಮುಗಿಸಿದ್ದಾನೆ ಎಂದುಕೊಂಡು ಚೀಟಿ ಬಿಚ್ಚಿ, ಅಭ್ಯಾಸಬಲದಿಂದ ಸಹಿ ಹಾಕಿ, ಪ್ಲಗ್ಗು ಚುಚ್ಚಿದ್ದ. ಲೂಸಿಯನ್ ಕರೆಂಟು ಹೊಡೆದು ಬಿದ್ದ ಮೇಲೆ ಚೀಟಿಯನ್ನು ಪೆಟ್ಟಿಗೆಯೊಳಕ್ಕೆ ತುರುಕಿದ್ದ.

"ನಮ್ಮಮ್ಮ ಇದ್ದಾಗಲಾದ್ರೂ ಹೇಳಬಹುದಿತ್ತಲ್ಲೋ," ಅಂದ ಓರೆಲ್.

"ಮೊದಲು ಹೆದರಿಕೆ ಕಣೋ... ಆಮೇಲೆ ನೀನು ಸ್ನೇಹಿತ ಆಗ್ಬಿಟ್ಟೆ."

ಓರೆಲ್ ಹೊಸ್ತಿಲು ದಾಟಲಿಲ್ಲ. ಇವತ್ತಿನವರೆಗೂ ದಾಟಿಲ್ಲ.

ಮರುದಿನ ಬೆಳಗ್ಗೆ ಡಡ್ಲಿಯ ಮನೆಗೆ ಎಲೆಕ್ಟ್ರಿಷಿಯನ್ ಬಂದ. ಮಂಡಿನೋವಿನ ಡಡ್ಲಿಗೆ ಮೆಟ್ಟಿಲು ಆಗದು, ಹಾಗಾಗಿ ಅವನ ಜೊತೆ ನೆಲಮಾಳಿಗೆಗೆ ಇಳಿದವನು ನಾನು. ಏನೂ ಕೆಟ್ಟಿರಲಿಲ್ಲ. ಮೇನ್ ಸ್ವಿಚ್ಚನ್ನು ಯಾರೋ ಇಳಿಸಿದ್ದರು, ಕೆಲಸಕ್ಕೆ ಮುಂಚೆ ಎಚ್ಚರದ ಆಳು ಇಳಿಸುವ ಹಾಗೆ. ಮೆಟ್ಟಿಲ ಧೂಳಿನಲ್ಲಿ ನಮ್ಮಿಬ್ಬರ ಹೆಜ್ಜೆ ಬಿಟ್ಟು ಬೇರೆ ಹೆಜ್ಜೆ ಇರಲಿಲ್ಲ. ನೀವು ನಂಬಿ, ಬಿಡಿ... ನಾನು ಎಣಿಸಿ ನೋಡಿದ್ದೇನೆ.